ಕಾರಿಯಾದ ಬೆಂಕಿ ಮತ್ತು ನಮ್ಮೂರ ಮುಯ್ಯಾಳು

ಬೆಂಗಳೂರಿನ ಯಾವ ಸಾಫ್ಟ್‌ವೇರ್ ಆಫೀಸಿಗೆ ಹೋದರೂ ಗೋಡೆಯ ಮೇಲೋ ಕಂಪ್ಯೂಟರ್ ಪರದೆಯ ಮೇಲೋ ಮೂರು ಕಾಲಂ ಎಳೆದ ಬೋರ್ಡೊಂದು ಕಾಣುತ್ತೆ. ಮಾಡಬೇಕಾದ್ದು, ಮಾಡ್ತಾ ಇರೋದು, ಮುಗಿದದ್ದು. ಬಣ್ಣಬಣ್ಣದ ಚೀಟಿಗಳು ಒಂದು ಕಾಲಂನಿಂದ ಇನ್ನೊಂದಕ್ಕೆ ಸರೀತಾ ಇರುತ್ತವೆ. ಇದಕ್ಕೆ ಕಾನ್‌ಬಾನ್ ಅಂತ ಹೆಸರು. ಇದು ಜಪಾನೀ ಪದ, ಅಂಗಡಿ ಮುಂದೆ ತೂಗುಹಾಕುವ ಬೋರ್ಡು ಅಂತ ಅರ್ಥ. ಟ್ರೇನಿಂಗ್ ಕೊಡೋಕೆ ಬರುವವರು "ಇದು ಟೊಯೋಟಾದವರು ಕಂಡುಹಿಡಿದದ್ದು, ಬೇಕಾದ್ದು ಬೇಕಾದಾಗ ಬೇಕಾದಷ್ಟು" ಅಂತ ಎರಡು ಸ್ಲೈಡಿನಲ್ಲಿ ಮುಗಿಸಿ ಊಟಕ್ಕೆ ಬಿಟ್ಟುಬಿಡ್ತಾರೆ. ಬಿ.ಇ. ಮುಗಿಸಿ ಹತ್ತು ಹನ್ನೆರಡು ವರ್ಷದಿಂದ ಈ ಚೀಟಿ ಸರಿಸೋ ಕೆಲಸದಲ್ಲೇ ಇರುವ ನನಗೆ, ಆ ಎರಡು ಸ್ಲೈಡಿನ ಹಿಂದಿನ ಕತೆ ಓದಿದ ಮೇಲೆ ನಾವು ಅರ್ಧ ಮಾತ್ರ ತಂದುಕೊಂಡಿದ್ದೀವಿ ಅನ್ನಿಸಿದೆ. ಬಿಟ್ಟುಬಂದ ಇನ್ನರ್ಧದ ಬಗ್ಗೆ ಈ ಬರಹ.

ಮೊದಲು ಒಂದು ಲೆಕ್ಕ. ಸ್ಕ್ರೂ, ನಟ್ಟು ಎಲ್ಲ ಸೇರಿಸಿದರೆ ಒಂದು ಕಾರಿನಲ್ಲಿ ಸುಮಾರು 30,000 ಬಿಡಿಭಾಗ ಇರುತ್ತೆ. ಇವನ್ನೆಲ್ಲ ಒಬ್ಬರೇ ಮಾಡೋದಿಲ್ಲ. ಬ್ರೇಕು ಒಬ್ಬರದು, ಸೀಟು ಇನ್ನೊಬ್ಬರದು, ವೈರಿಂಗು ಮತ್ತೊಬ್ಬರದು. ಬೇರೆ ಬೇರೆ ಊರಿನಲ್ಲಿ ಬೇರೆ ಬೇರೆ ಜನ ಮಾಡಿದ ಇಷ್ಟೂ ವಸ್ತು ಒಂದೇ ಹೊತ್ತಿಗೆ ಒಂದೇ ಕಡೆ ಬಂದು ಸರಿಯಾಗಿ ಕೂರಬೇಕು. ಒಂದು ಬರಲಿಲ್ಲ ಅಂದ್ರೂ ಕಾರಿಲ್ಲ. ಮೂವತ್ತು ಸಾವಿರ ಬೀಗರನ್ನ ಕರೆದು, ಒಬ್ಬರೂ ತಡಮಾಡದ ಹಾಗೆ ಮದುವೆ ಮಾಡಿದ ಹಾಗೆ. ಅದೂ ಪ್ರತಿ ನಿಮಿಷಕ್ಕೊಂದು ಮದುವೆ!

ಈ ಕತೆ ಶುರುವಾಗೋದು ಜಪಾನಿನಲ್ಲಲ್ಲ. 1908ರಲ್ಲಿ ಇಂಗ್ಲೆಂಡಿನ ಬ್ರೂಕ್‌ಲ್ಯಾಂಡ್ಸ್ ರೇಸ್ ಟ್ರ್ಯಾಕಿನಲ್ಲಿ ಒಂದು ಪರೀಕ್ಷೆ ನಡೀತು. ಅಮೆರಿಕದ ಕ್ಯಾಡಿಲಾಕ್ ಕಂಪನಿಯ ಮೂರು ಕಾರುಗಳನ್ನ ರಾಯಲ್ ಆಟೊಮೊಬೈಲ್ ಕ್ಲಬ್ಬಿನವರು ಪೂರ್ತಿ ಬಿಚ್ಚಿಸಿದರು. ಬಿಚ್ಚಿದ್ದನ್ನೆಲ್ಲ ಒಂದೇ ರಾಶಿ ಮಾಡಿ ಕಲಸಿಬಿಟ್ಟರು. ಅದರಲ್ಲಿ 89 ಭಾಗಗಳನ್ನ ತೆಗೆದು, ಅಂಗಡಿ ದಾಸ್ತಾನಿನಿಂದ ಬೇರೆ ಭಾಗ ತಂದು ಸೇರಿಸಿದರು. ಆಮೇಲೆ ಸ್ಪ್ಯಾನರ್ರು, ಸ್ಕ್ರೂಡ್ರೈವರ್ರು ಇಟ್ಕೊಂಡು ಮತ್ತೆ ಮೂರು ಕಾರು ಜೋಡಿಸಿ, 500 ಮೈಲಿ ಓಡಿಸಿದರು. ಓಡಿದವು. ಇದರಲ್ಲೇನು ದೊಡ್ಡಸ್ತಿಕೆ ಅಂತ ಈಗ ಅನ್ನಿಸಬಹುದು. ಆ ಕಾಲದಲ್ಲಿ ಕಾರು ಅಂದ್ರೆ ಅರದಿಂದ ಉಜ್ಜಿ ಉಜ್ಜಿ ಒಂದಕ್ಕೊಂದು ಹೊಂದಿಸುವ ಕಸುಬಿನ ಕೆಲಸ. ಒಂದು ಕಾರಿನ ಭಾಗ ಅದೇ ಕಂಪನಿಯ ಇನ್ನೊಂದು ಕಾರಿಗೆ ಕೂರ್ತಾ ಇರಲಿಲ್ಲ. ಎಲ್ಲೋ ಮಾಡಿದ ಭಾಗ ಎಲ್ಲಿ ಬೇಕಾದ್ರೂ ಕೂರುತ್ತೆ ಅಂತಾದ ಮೇಲೆ ತಾನೆ, ಕೆಲಸವನ್ನ ಹತ್ತು ಕಡೆ ಹಂಚೋಕೆ ಆಗೋದು?

ಹೆನ್ರಿ ಫೋರ್ಡ್ ಅದನ್ನ ಮುಂದಕ್ಕೆ ಒಯ್ದ. 1913ರಲ್ಲಿ ಹೈಲ್ಯಾಂಡ್ ಪಾರ್ಕ್ ಕಾರ್ಖಾನೆಯಲ್ಲಿ ಚಾಸಿಯನ್ನೇ ಜರುಗುವ ಹಾಗೆ ಮಾಡಿ, ಆಳುಗಳನ್ನ ನಿಂತಲ್ಲೇ ನಿಲ್ಲಿಸಿದ. ಹನ್ನೆರಡು ಗಂಟೆಗೂ ಹೆಚ್ಚು ಹಿಡೀತಿದ್ದ ಚಾಸಿ ಜೋಡಣೆ ಮುಂದಿನ ವರ್ಷದ ಹೊತ್ತಿಗೆ ಒಂದೂವರೆ ಗಂಟೆಗೆ ಇಳೀತು. ಹೊರಗಿನವರ ಮೇಲೆ ಅವನಿಗೆ ನಂಬಿಕೆ ಕಡಿಮೆ. ಆಮೇಲೆ ಕಟ್ಟಿದ ರಿವರ್ ರೂಜ್ ಕಾರ್ಖಾನೆಯಲ್ಲಿ ಒಂದು ಕಡೆ ಕಬ್ಬಿಣದ ಅದಿರು ಒಳಗೆ ಹೋದರೆ ಇನ್ನೊಂದು ಕಡೆ ಕಾರು ಹೊರಗೆ ಬರೋದು. ಎಲ್ಲ ತನ್ನದೇ ಕಾಂಪೌಂಡಿನ ಒಳಗಿದ್ದರೆ ಹೊಂದಾಣಿಕೆಯ ತಲೆನೋವೇ ಇಲ್ಲ ಅನ್ನೋದು ಅವನ ಲೆಕ್ಕ. ಆದರೆ ಅಷ್ಟು ದೊಡ್ಡ ಕಾಂಪೌಂಡು ಕಟ್ಟೋಕೆ ಫೋರ್ಡ್‌ನಷ್ಟೇ ದುಡ್ಡು ಬೇಕಲ್ಲ.

ಜಪಾನಿನ ಟೊಯೋಡಾ ಮನೆತನದ ಹತ್ತಿರ ಅಷ್ಟು ದುಡ್ಡಿರಲಿಲ್ಲ. ಅವರು ಮೂಲತಃ ಮಗ್ಗ ಮಾಡುತ್ತಿದ್ದವರು. ಸಾಕಿಚಿ ಟೊಯೋಡಾ ಮಾಡಿದ ಮಗ್ಗದಲ್ಲಿ ಒಂದು ನೂಲು ತುಂಡಾದ್ರೂ ಮಗ್ಗ ತಾನಾಗೇ ನಿಲ್ತಿತ್ತು. ಮಗ ಕೀಚಿರೋ 1937ರಲ್ಲಿ ಕಾರು ಕಂಪನಿ ಕಟ್ಟಿದ. ಬೇಕಾದಾಗ ಬೇಕಾದಷ್ಟೇ ತರಿಸಿಕೊಳ್ಳೋಣ ಅನ್ನುವ ಮಾತು ಮೊದಲು ಅವನದೇ. ಯುದ್ಧ ಸೋತ ಮೇಲೆ, 1950ರಲ್ಲಿ, ಕಂಪನಿ ದಿವಾಳಿಯ ಅಂಚಿಗೆ ಬಂತು. ಮಾರಾಟವಾಗದ ಕಾರು, ಕೆಲಸದವರ ಕಡಿತ, ಮುಷ್ಕರ. ಕೊನೆಗೆ ಕೀಚಿರೋ ರಾಜೀನಾಮೆ ಕೊಟ್ಟ. ದಾಸ್ತಾನು ಅಂದ್ರೆ ಸತ್ತ ದುಡ್ಡು ಅನ್ನೋ ಪಾಠ ಆ ಕಂಪನಿಗೆ ಪುಸ್ತಕದಿಂದ ಬಂದದ್ದಲ್ಲ.

ಆ ಪಾಠವನ್ನ ದಿನನಿತ್ಯದ ಪದ್ಧತಿ ಮಾಡಿದವನು ಮಷಿನ್ ಶಾಪ್ ನೋಡಿಕೊಳ್ಳುತ್ತಿದ್ದ ತೈಚಿ ಓನೋ. ಅವನಿಗೆ ಹೊಳೆದದ್ದು ಅಮೆರಿಕದ ಸೂಪರ್ ಮಾರ್ಕೆಟ್ಟಿನ ರೀತಿ. ಗಿರಾಕಿ ಎಷ್ಟು ಎತ್ತಿಕೊಂಡು ಹೋದನೋ ಅಷ್ಟನ್ನೇ ಮತ್ತೆ ತುಂಬೋದು. ನಮ್ಮ ಕಡೆಯವರಿಗೆ ಸೂಪರ್ ಮಾರ್ಕೆಟ್ಟಿಗಿಂತ ಸೋಡಾ ಅಂಗಡಿಯಿಂದ ಹೇಳಿದರೆ ಬೇಗ ಅರ್ಥವಾಗುತ್ತೆ. ಖಾಲಿ ಬಾಟಲಿಯ ಕ್ರೇಟು ವಾಪಸ್ ಹೋದರೆ ತುಂಬಿದ ಕ್ರೇಟು ಬರುತ್ತೆ. ಖಾಲಿ ಕ್ರೇಟೇ ಆರ್ಡರು. ಬೇರೆ ಇಂಡೆಂಟೂ ಬೇಡ, ಮೀಟಿಂಗೂ ಬೇಡ. ಓನೋ ಇದನ್ನೇ ಚೀಟಿಯಲ್ಲಿ ಮಾಡಿದ. ಪ್ರತಿ ಡಬ್ಬದ ಜೊತೆ ಒಂದು ಚೀಟಿ. ಯಾವ ಭಾಗ, ಎಷ್ಟು, ಎಲ್ಲಿಂದ ಎಲ್ಲಿಗೆ ಅಂತ ಅದರಲ್ಲಿ ಬರೆದಿರುತ್ತೆ. ಡಬ್ಬ ಬಳಸೋಕೆ ಶುರು ಮಾಡಿದ ತಕ್ಷಣ ಚೀಟಿ ಹಿಂದಿನವರಿಗೆ ಹೋಗುತ್ತೆ. ಚೀಟಿ ಬಂದಷ್ಟು ಮಾಡು, ಬಾರದಿದ್ದರೆ ಸುಮ್ನೆ ಕೂರು. ಮೊದಲು ತನ್ನ ಮಷಿನ್ ಶಾಪಿನಲ್ಲಿ, ಆಮೇಲೆ ಕಂಪನಿ ಪೂರ್ತಿ, ಆಮೇಲೆ ಹೊರಗಿನ ಸರಬರಾಜುದಾರರವರೆಗೂ ಈ ಚೀಟಿ ಹಬ್ಬಿತು. ಇದಕ್ಕೆ ಹತ್ತಿಪ್ಪತ್ತು ವರ್ಷವೇ ಹಿಡೀತು.

ಚೀಟಿಯ ಬೆರಗು ಏನಂದ್ರೆ, ಯಾರೂ ಇಡೀ ಕಾರಿನ ಯೋಜನೆ ತಲೆಯಲ್ಲಿ ಇಟ್ಟುಕೊಳ್ಳಬೇಕಾಗಿಲ್ಲ. ಪ್ರತಿಯೊಬ್ಬನಿಗೂ ಮುಂದಿನವನ ಚೀಟಿ ಗೊತ್ತಿದ್ದರೆ ಸಾಕು. ಸಾಫ್ಟ್‌ವೇರಿನವರು ಮರುಳಾದದ್ದು ಇದಕ್ಕೇ.

ಇದರ ಬೆಲೆಯನ್ನ ಯಾರು ತೆತ್ತರು ಅನ್ನೋದನ್ನೂ ಹೇಳಬೇಕು. ಸತೋಶಿ ಕಮಾತಾ ಅನ್ನುವ ಪತ್ರಕರ್ತ 1972ರಲ್ಲಿ ಟೊಯೋಟಾದಲ್ಲಿ ಹಂಗಾಮಿ ಕೆಲಸಗಾರನಾಗಿ ಸೇರಿ, ಆರು ತಿಂಗಳ ಅನುಭವವನ್ನ ಪುಸ್ತಕವಾಗಿ ಬರೆದ. ದಾಸ್ತಾನು ಇಲ್ಲದ ಲೈನು ಅಂದ್ರೆ ಮೈ ಸಡಿಲಿಸೋಕೂ ಬಿಡುವಿಲ್ಲದ ಲೈನು ಅನ್ನೋದು ಅದನ್ನ ಓದಿದರೆ ತಿಳಿಯುತ್ತೆ. ಗೋಡೌನಿನಿಂದ ತೆಗೆದ ಭಾರ ಎಲ್ಲೂ ಮಾಯವಾಗಿರಲಿಲ್ಲ. ಒಂದಿಷ್ಟು ಆಳಿನ ಬೆನ್ನಿಗೆ ಹೋಗಿತ್ತು, ಒಂದಿಷ್ಟು ಸಣ್ಣ ಸರಬರಾಜುದಾರನ ತಲೆಗೆ.

ಈಗ ಬೆಂಕಿಗೆ ಬರೋಣ.

1997ರ ಫೆಬ್ರುವರಿ 1, ಶನಿವಾರ, ಬೆಳಗಿನ ಜಾವ ನಾಲ್ಕು ದಾಟಿತ್ತು. ನಗೋಯಾದ ಹತ್ತಿರ ಕಾರಿಯಾ ಅನ್ನುವ ಊರಿನಲ್ಲಿ ಐಸಿನ್ ಸೇಕಿ ಕಂಪನಿಯ ಒಂದನೇ ನಂಬರ್ ಕಾರ್ಖಾನೆಗೆ ಬೆಂಕಿ ಬಿತ್ತು. ಐಸಿನ್ ಅಂದ್ರೆ ಟೊಯೋಟಾ ಬಳಗದ್ದೇ ಕಂಪನಿ. ಅಲ್ಲಿ ತಯಾರಾಗುತ್ತಿದ್ದ ವಸ್ತುಗಳಲ್ಲಿ ಪಿ-ವಾಲ್ವು ಅಂತ ಒಂದು. ಸಿಗರೇಟು ಪ್ಯಾಕಿನಷ್ಟು ದೊಡ್ಡದು. ಬ್ರೇಕು ಒತ್ತಿದಾಗ ಹಿಂದಿನ ಗಾಲಿಗೆ ಹೋಗುವ ಒತ್ತಡವನ್ನ ಹದ ಮಾಡಿ, ಗಾಡಿ ಜಾರದ ಹಾಗೆ ನೋಡಿಕೊಳ್ಳೋದು ಅದರ ಕೆಲಸ. ಬೆಲೆ ಹೆಚ್ಚಿಲ್ಲ. ಆದರೆ ಅದಿಲ್ಲದೆ ಬ್ರೇಕಿಲ್ಲ, ಬ್ರೇಕಿಲ್ಲದೆ ಕಾರಿಲ್ಲ. ಟೊಯೋಟಾಗೆ ಬೇಕಾದ ಪಿ-ವಾಲ್ವಿನಲ್ಲಿ ಶೇಕಡಾ 99 ಬರುತ್ತಿದ್ದದ್ದು ಇದೊಂದೇ ಕಾರ್ಖಾನೆಯಿಂದ. ಒಂದೇ ಕಡೆ ಮಾಡಿದರೆ ಅಗ್ಗ ಅನ್ನೋದು ಕಾರಣ. ಬೆಳಗಾಗಿ ಬಿಸಿಲೇರುವ ಹೊತ್ತಿಗೆ ಆ ವಾಲ್ವಿಗೆಂದೇ ಮಾಡಿಸಿದ್ದ ಐನೂರಕ್ಕೂ ಹೆಚ್ಚು ವಿಶೇಷ ಮಷಿನ್ನುಗಳು ಕರಕಲಾಗಿದ್ದವು. ಅಂಥವನ್ನ ಹೊಸದಾಗಿ ಮಾಡಿಸಬೇಕಾದರೆ ತಿಂಗಳುಗಟ್ಟಲೆ ಬೇಕು. ಟೊಯೋಟಾ ಹತ್ತಿರ ಇದ್ದ ದಾಸ್ತಾನು ಹೆಚ್ಚೆಂದರೆ ಎರಡು ಮೂರು ದಿನದ್ದು. ಚೀಟಿ ಪದ್ಧತಿಯ ಪ್ರಕಾರ ಅಷ್ಟೇ ಇರಬೇಕು!

ನಾಲ್ಕೈದು ದಿನದೊಳಗೆ ಜಪಾನಿನಲ್ಲಿದ್ದ ಟೊಯೋಟಾ ಲೈನುಗಳು ಹೆಚ್ಚುಕಡಿಮೆ ಎಲ್ಲ ನಿಂತವು. ದಿನಕ್ಕೆ ಹದಿನೈದು ಸಾವಿರದಷ್ಟು ಕಾರು ಮಾಡುತ್ತಿದ್ದ ಕಂಪನಿ ಅದು. ಅದನ್ನ ನಂಬಿಕೊಂಡಿದ್ದ ನೂರಾರು ಸರಬರಾಜುದಾರರ ಕೆಲಸವೂ ನಿಂತಿತು. ಪತ್ರಿಕೆಗಳಿಗೆ ಹಬ್ಬ. ನೋಡಿದ್ರಾ, ದಾಸ್ತಾನು ಇಟ್ಟುಕೊಳ್ಳದವರ ಗತಿ ಇದು ಅಂತ.

ಆಮೇಲೆ ನಡೆದದ್ದು ಸ್ವಾರಸ್ಯ. ಬೆಂಕಿ ಇನ್ನೂ ಆರುವ ಮೊದಲೇ ಐಸಿನ್ನಿನವರು ತುರ್ತು ಆಫೀಸು ತೆರೆದು, ಹೆಚ್ಚುವರಿ ಟೆಲಿಫೋನು, ಮೊಬೈಲು ತರಿಸಿ, ಕಂಡಕಂಡವರಿಗೆ ಫೋನ್ ಹಚ್ಚಿದರು. ವಾಲ್ವಿನ ಡ್ರಾಯಿಂಗುಗಳನ್ನ ಕೇಳಿದವರಿಗೆಲ್ಲ ಕೊಟ್ಟರು. ಅರವತ್ತಕ್ಕೂ ಹೆಚ್ಚು ಕಂಪನಿಗಳು ನೇರವಾಗಿ ವಾಲ್ವು ಮಾಡೋಕೆ ನಿಂತವು. ಅವರ ಕೈಕೆಳಗಿನ ಸಣ್ಣಪುಟ್ಟ ವರ್ಕ್‌ಶಾಪು ಸೇರಿದರೆ ಇನ್ನೂರರ ಹತ್ತಿರ. ಇವರಲ್ಲಿ ಹೆಚ್ಚಿನವರು ಪಿ-ವಾಲ್ವನ್ನ ಹಿಂದೆಂದೂ ಮಾಡಿದವರಲ್ಲ. ಐಸಿನ್ ಹತ್ತಿರ ಇದ್ದಂಥ ವಿಶೇಷ ಮಷಿನ್ನೂ ಅವರ ಹತ್ತಿರ ಇಲ್ಲ. ಸಾಮಾನ್ಯ ಡ್ರಿಲ್ಲು, ಮಿಲ್ಲಿಂಗ್ ಮಷಿನ್ನಿನಲ್ಲೇ ಮಾಡುವ ದಾರಿ ಹುಡುಕಬೇಕಾಯ್ತು. ಹೊಲಿಗೆ ಮಷಿನ್ನಿನ ಬ್ರದರ್ ಕಂಪನಿ ಕಾರಿನ ಭಾಗವನ್ನೇ ಮಾಡಿರಲಿಲ್ಲ. ಅವರು ಒಂದು ಮಿಲ್ಲಿಂಗ್ ಮಷಿನ್ನನ್ನ ಇದಕ್ಕೆ ಒಗ್ಗಿಸೋಕೆ ಐನೂರು ಆಳುಗಂಟೆ ಸುರಿದರು. ದಕ್ಕಿದ್ದು ದಿನಕ್ಕೆ ನಲವತ್ತು ವಾಲ್ವು. ಲಾಭದ ಲೆಕ್ಕ ಹಾಕಿದರೆ ಹುಚ್ಚುತನ.

ಒಬ್ಬರು ಕಂಡುಕೊಂಡ ಉಪಾಯವನ್ನ ಇನ್ನೊಬ್ಬರಿಗೆ ಹೇಳಿದರು. ಬೆಂಕಿ ಬಿದ್ದ 85 ಗಂಟೆಯ ಸುಮಾರಿಗೆ ಕ್ಯೋರಿತ್ಸು ಸಾಂಗ್ಯೋ ಅನ್ನುವ ಸಣ್ಣ ಕಂಪನಿಯಿಂದ ಮೊದಲ ವಾಲ್ವುಗಳು ಬಂದವು. ಒಂದು ವಾರ ಹತ್ತು ದಿನದೊಳಗೆ ಕಾರು ತಯಾರಿ ಹೆಚ್ಚುಕಡಿಮೆ ಮೊದಲಿನ ಮಟ್ಟಕ್ಕೆ ಬಂತು. ತಮಾಷೆ ಅಂದ್ರೆ, ಇಷ್ಟೆಲ್ಲ ನಡೀವಾಗ "ದರ ಎಷ್ಟು, ಕರಾರು ಎಲ್ಲಿ" ಅಂತ ಯಾರೂ ಹಟ ಹಿಡಿದು ಕೂರಲಿಲ್ಲ. ಲೆಕ್ಕ ಆಮೇಲೆ ನೋಡೋಣ ಅಂದರು. ಆಮೇಲೆ ಟೊಯೋಟಾ ತನ್ನ ಮೊದಲ ಸಾಲಿನ ಸರಬರಾಜುದಾರರಿಗೆ, ಆ ಜನವರಿಯಿಂದ ಮಾರ್ಚಿಯವರೆಗೆ ಅವರು ತನಗೆ ಮಾರಿದ್ದರ ಶೇಕಡಾ ಒಂದರಷ್ಟನ್ನ ಕೃತಜ್ಞತೆಯಾಗಿ ಕೊಟ್ಟಿತು.

ಇದನ್ನ ಮೊದಲ ಸಲ ಓದಿದಾಗ ನನಗೆ ನೆನಪಾದದ್ದು ಮ್ಯಾನೇಜ್‌ಮೆಂಟ್ ಪುಸ್ತಕವಲ್ಲ, ನಮ್ಮೂರಿನ ಮುಯ್ಯಾಳು. ಗೊತ್ತಿಲ್ಲದ ಪಟ್ಟಣದವರಿಗೆ ಹೇಳ್ತೀನಿ. ಭತ್ತದ ನಾಟಿಗೆ ಹದ ಇರೋದು ಕೆಲವೇ ದಿನ. ಒಂದು ಮನೆಯವರಿಂದ ಆಗುವ ಕೆಲಸವಲ್ಲ. ಇವತ್ತು ನಿಮ್ಮ ಗದ್ದೆಗೆ ನಮ್ಮ ಮನೆಯ ಇಬ್ಬರು ಬರ್ತಾರೆ, ನಾಳಿದ್ದು ನಮ್ಮ ಗದ್ದೆಗೆ ನಿಮ್ಮ ಮನೆಯ ಇಬ್ಬರು ಬರಬೇಕು. ಕೂಲಿ ಇಲ್ಲ, ಊಟ ಉಂಟು. ಲೆಕ್ಕವೇ ಇಲ್ಲ ಅಂತಲ್ಲ, ಬರೆದಿಡೋದಿಲ್ಲ ಅಷ್ಟೆ. ಯಾರು ಬಂದಿದ್ದರು, ಯಾರು ಕೈಕೊಟ್ಟರು ಅನ್ನೋದು ನಮ್ಮಜ್ಜಿಗೆ ಹತ್ತು ವರ್ಷದ್ದು ಬಾಯಿಪಾಠ ಇತ್ತು. ಯಾರ ಗದ್ದೆಯಲ್ಲಿ ಕೆಸರು ಆಳ, ಯಾರ ಎತ್ತು ಹಾಯುತ್ತೆ, ಯಾರ ಮನೆಯಲ್ಲಿ ಯಾರ ಕೈ ಚುರುಕು ಅನ್ನೋದೆಲ್ಲ ಹೀಗೆ ಓಡಾಡಿ ಓಡಾಡಿಯೇ ಊರಿಗೆಲ್ಲ ಗೊತ್ತಾಗೋದು. ಯಾರದಾದರೂ ಮನೆಯಲ್ಲಿ ಸಾವು ನೋವಾಗಿ ನಾಟಿ ನಿಂತರೆ, ಯಾರೂ ಕರೆಯದೆಯೇ ಹತ್ತು ಜನ ಗದ್ದೆಗಿಳಿಯುತ್ತಿದ್ದದ್ದು ಇದೇ ತಿಳಿವಳಿಕೆಯ ಬಲದಿಂದ.

ಕಾರಿಯಾದಲ್ಲಿ ಆದದ್ದೂ ಇದೇ. ಸಾಮಾನ್ಯ ದಿನದಲ್ಲಿ ಕೆಲಸ ನಡೆಸಿದ್ದು ಚೀಟಿ. ಬೆಂಕಿಯ ದಿನ ಚೀಟಿಯಿಂದ ನಯಾಪೈಸೆ ಉಪಯೋಗ ಆಗಲಿಲ್ಲ. ಆ ದಿನ ಕೆಲಸಕ್ಕೆ ಬಂದದ್ದು ವರ್ಷಗಟ್ಟಲೆ ಒಬ್ಬರ ಕಾರ್ಖಾನೆಗೆ ಇನ್ನೊಬ್ಬರ ಎಂಜಿನಿಯರು ಹೋಗಿ ಕೂತು, ಜೊತೆಗೆ ದೋಷ ಹುಡುಕಿ, ಒಬ್ಬರ ಕೆಲಸ ಇನ್ನೊಬ್ಬರು ಅರಿತಿದ್ದ ಒಡನಾಟ. ಟೊಯೋಟಾ ತನ್ನ ಸರಬರಾಜುದಾರರ ನಡುವೆ ಇಂಥ ಓಡಾಟವನ್ನ ದಶಕಗಳಿಂದ ಬೇಕಂತಲೇ ಬೆಳೆಸಿತ್ತು.

ಹಾಗಂತ ಮುಯ್ಯಾಳನ್ನ ಹೊಗಳಿ ಅಟ್ಟಕ್ಕೇರಿಸುವ ಆಸೆ ನನಗಿಲ್ಲ. ಮುಯ್ಯಿ ನಡೀತಾ ಇದ್ದದ್ದು ಗದ್ದೆ ಇದ್ದವರ ನಡುವೆ. ಗದ್ದೆಯೇ ಇಲ್ಲದವರು, ಕೇರಿಯವರು, ಕೂಲಿಗೇ ಬರಬೇಕಿತ್ತು. ಅವರ ಮನೆಗೆ ಕಷ್ಟ ಬಂದರೆ ಮುಯ್ಯಿ ತೀರಿಸೋಕೆ ಯಾರೂ ಬಾಕಿ ಇರಲಿಲ್ಲ. ಕಮಾತಾ ಬರೆದ ಹಂಗಾಮಿ ಕೆಲಸಗಾರರನ್ನ ಮತ್ತೆ ನೆನಪು ಮಾಡಿಕೊಳ್ಳಿ. ಒಗ್ಗಟ್ಟು ಅಂದಾಗಲೆಲ್ಲ ಅದರ ಬೇಲಿ ಎಲ್ಲಿದೆ ಅಂತ ಕೇಳೋದು ಒಳ್ಳೇದು.

ಕಾರಿಯಾಗೆ ಬೆಂಕಿ ಬೀಳುವ ಹೊತ್ತಿನಲ್ಲೇ ಜಗತ್ತಿನ ಇನ್ನೊಂದು ಮೂಲೆಯಲ್ಲಿ ಬೇರೆ ಪ್ರಯೋಗ ಶುರುವಾಗಿತ್ತು. ಬ್ರೆಜಿಲಿನ ರೆಸೆಂಡೆಯಲ್ಲಿ 1996ರ ಕೊನೆಗೆ ಫೋಕ್ಸ್‌ವ್ಯಾಗನ್ ಒಂದು ಲಾರಿ, ಬಸ್ಸು ಕಾರ್ಖಾನೆ ತೆರೆಯಿತು. ಅಲ್ಲಿ ಲಾರಿಯನ್ನ ಏಳು ಮಾಡ್ಯೂಲ್ ಮಾಡಿ ಏಳು ಪಾಲುದಾರರಿಗೆ ಒಪ್ಪಿಸಿದ್ದರು. ಚಾಸಿ ಒಬ್ಬರಿಗೆ, ಆಕ್ಸೆಲ್ಲು ಒಬ್ಬರಿಗೆ, ಗಾಲಿ ಟೈರು, ಎಂಜಿನ್ನು, ಕ್ಯಾಬಿನ್ನು, ಬಣ್ಣ, ಒಳಾಂಗಣ ಒಬ್ಬೊಬ್ಬರಿಗೆ. ಅವರವರ ಮಾಡ್ಯೂಲನ್ನ ಅವರವರ ಆಳುಗಳೇ ಒಂದೇ ಸೂರಿನಡಿ ಲೈನಿನ ಮೇಲೆ ಜೋಡಿಸಬೇಕು. ಫೋಕ್ಸ್‌ವ್ಯಾಗನ್ನಿನವರು ವಿನ್ಯಾಸ, ಗುಣಮಟ್ಟ ನೋಡಿಕೊಳ್ಳೋದು. ಮರುವರ್ಷ ಫ್ರಾನ್ಸಿನ ಆಂಬಾಕ್‌ನಲ್ಲಿ ಸ್ಮಾರ್ಟ್ ಅನ್ನುವ ಪುಟ್ಟ ಕಾರಿನ ಕಾರ್ಖಾನೆ ಶುರುವಾಯ್ತು. ಅಧಿಕ ಚಿಹ್ನೆಯ ಆಕಾರದ ಕಟ್ಟಡ, ಸುತ್ತಲೂ ಸರಬರಾಜುದಾರರ ಶೆಡ್ಡು. ದೊಡ್ಡ ದೊಡ್ಡ ಮಾಡ್ಯೂಲುಗಳು ಅಲ್ಲಿಂದಲೇ ಲೈನಿಗೆ ಬರೋದು.

ಮಾಡ್ಯೂಲಿನ ತತ್ವ ನಮ್ಮ ಸಾಫ್ಟ್‌ವೇರಿನವರಿಗೆ ತುಂಬ ಹತ್ತಿರದ್ದು. ಗಡಿ ಸ್ಪಷ್ಟ ಮಾಡು, ಗಡಿಯ ಆಚೆ ಏನಿದೆ ಅನ್ನೋದು ನಿನಗೆ ಬೇಡ. ಇದರಿಂದ ದೊಡ್ಡ ಕೆಲಸ ಸಣ್ಣದಾಗುತ್ತೆ, ಹತ್ತು ಟೀಮು ಒಟ್ಟಿಗೆ ಓಡಬಹುದು. ಸುಳ್ಳಲ್ಲ. ಆದರೆ ಮೆಲ್ವಿನ್ ಕಾನ್ವೇ ಅನ್ನುವವರು 1968ರಲ್ಲೇ ಒಂದು ಎಚ್ಚರಿಕೆ ಬರೆದಿದ್ದರು. ಒಂದು ಸಂಸ್ಥೆಯ ಒಳಗೆ ಯಾರು ಯಾರ ಜೊತೆ ಮಾತಾಡ್ತಾರೋ, ಆ ಸಂಸ್ಥೆ ಮಾಡುವ ವಸ್ತುವಿನ ಆಕಾರವೂ ಹಾಗೇ ಇರುತ್ತೆ ಅನ್ನೋದು ಅದರ ಸಾರ. ಗಡಿ ಹಾಕಿದರೆ ಕೆಲಸದ ಜೊತೆಗೆ ಮಾತೂ ಅಲ್ಲಿಗೇ ನಿಲ್ಲುತ್ತೆ. ಗಡಿ ಎಷ್ಟು ಚೊಕ್ಕಟವೋ, ಪಕ್ಕದವನ ಕೆಲಸದ ಬಗ್ಗೆ ನಮ್ಮ ಅಜ್ಞಾನವೂ ಅಷ್ಟೇ ಚೊಕ್ಕಟ. ಸಾಮಾನ್ಯ ದಿನದಲ್ಲಿ ಅದು ಅನುಕೂಲ. ಬೆಂಕಿಯ ದಿನ ಅದೇ ಅಜ್ಞಾನ ಕೈಕಟ್ಟಿ ಹಾಕುತ್ತೆ. ನಾನು ಹಿಂದೆ ಇದ್ದ ಒಂದು ಕಂಪನಿಯಲ್ಲಿ ಪಕ್ಕದ ಟೀಮಿನ ಪ್ರೋಗ್ರಾಮು ರಾತ್ರಿ ಕೆಟ್ಟಾಗ, ಅದು ಏನು ಮಾಡುತ್ತೆ ಅಂತ ಬಲ್ಲ ಒಬ್ಬನೂ ಆ ಮಹಡಿಯಲ್ಲಿ ಇರಲಿಲ್ಲ. ಅವರ ಬೋರ್ಡಿನ ಮೇಲಿನ ಚೀಟಿಗಳು ಮಾತ್ರ ಅಚ್ಚುಕಟ್ಟಾಗಿದ್ದವು.

ಟೊಯೋಟಾದ ಮುಂದಿನ ಕತೆಯಲ್ಲೂ ಇದೇ ಪಾಠ ಮತ್ತೆ ಮತ್ತೆ ಬರುತ್ತೆ. 2011ರ ಮಾರ್ಚಿಯಲ್ಲಿ ಜಪಾನಿನಲ್ಲಿ ಭೂಕಂಪ, ಸುನಾಮಿ ಆದಾಗ ರೆನೆಸಾಸ್ ಕಂಪನಿಯ ನಾಕಾ ಕಾರ್ಖಾನೆ ನಿಂತು, ಕಾರಿಗೆ ಬೇಕಾದ ಚಿಪ್ಪುಗಳೇ ಸಿಗದಾದವು. ಚಿಪ್ಪು ಮಾಡೋಕೆ ಪಕ್ಕದೂರಿನ ವರ್ಕ್‌ಶಾಪಿನಿಂದ ಆಗೋಲ್ಲ. ಮುಯ್ಯಾಳಿಗೂ ಒಂದು ಮಿತಿ ಇದೆ ಅಂತ ಆಗ ಗೊತ್ತಾಯ್ತು. ಟೊಯೋಟಾ ತನ್ನ ಸರಬರಾಜುದಾರರ ಹಿಂದಿನ ಸರಬರಾಜುದಾರರು ಯಾರು ಯಾರು ಅಂತ ಪಟ್ಟಿ ಮಾಡಿತು. ಚಿಪ್ಪಿನಂಥ ವಸ್ತುಗಳನ್ನ ತಿಂಗಳುಗಟ್ಟಲೆ ಆಗುವಷ್ಟು ಇಟ್ಟುಕೊಳ್ಳಿ ಅಂತ ಅವರಿಗೆ ಹೇಳಿತು. ದಾಸ್ತಾನು ಅಂದ್ರೆ ಸತ್ತ ದುಡ್ಡು ಅಂತ ಜಗತ್ತಿಗೆ ಕಲಿಸಿದವರೇ ದಾಸ್ತಾನು ಇಟ್ಟರು. 2021ರಲ್ಲಿ ಚಿಪ್ಪಿನ ಬರ ಬಂದಾಗ, ಶುರುವಿನಲ್ಲಿ ಬೇರೆ ಕಂಪನಿಗಳಿಗಿಂತ ಹೆಚ್ಚು ದಿನ ತಡೆದುಕೊಂಡದ್ದು ಇದರಿಂದಲೇ.

2022ರ ಮಾರ್ಚ್ 1ರಂದು ಮತ್ತೆ ಜಪಾನಿನ ಅವರ 14 ಕಾರ್ಖಾನೆಗಳೂ ಒಂದು ದಿನ ನಿಂತವು. ಈ ಸಲ ಬೆಂಕಿಯಲ್ಲ. ಪ್ಲಾಸ್ಟಿಕ್ ಭಾಗ ಮಾಡುವ ಕೊಜಿಮಾ ಅನ್ನುವ ಒಬ್ಬ ಸರಬರಾಜುದಾರರ ಕಂಪ್ಯೂಟರಿಗೆ ಸೈಬರ್ ದಾಳಿ. 2023ರ ಆಗಸ್ಟ್ 29ರಂದು ಮತ್ತೊಮ್ಮೆ ಹದಿನಾಲ್ಕೂ ನಿಂತವು. ಕಾರಣ ಕೇಳಿದರೆ ನಮ್ಮ ಕಸುಬಿನವರಿಗೆ ನಗುವೂ ಬರುತ್ತೆ, ಎದೆಯೂ ಧಸಕ್ಕನ್ನುತ್ತೆ. ಬಿಡಿಭಾಗದ ಆರ್ಡರು ನೋಡಿಕೊಳ್ಳುವ ಸರ್ವರುಗಳಲ್ಲಿ ಮೇಂಟೆನೆನ್ಸ್ ಮಾಡುವಾಗ ಡಿಸ್ಕಿನಲ್ಲಿ ಜಾಗ ಸಾಲಲಿಲ್ಲ! ಬ್ಯಾಕಪ್ಪೂ ಅದೇ ವ್ಯವಸ್ಥೆಯ ಮೇಲಿದ್ದದ್ದರಿಂದ ಅದೂ ಮಲಗಿತು. ಓನೋನ ಕಾಲದ ರಟ್ಟಿನ ಚೀಟಿ ಸರ್ವರಿನೊಳಗೆ ಹೋಗಿ ಕೂತಿತ್ತು. ಒಂದನೇ ನಂಬರ್ ಕಾರ್ಖಾನೆ ಬೇರೆ ರೂಪದಲ್ಲಿ ಮತ್ತೆ ಹುಟ್ಟಿತ್ತು. ದೊಡ್ಡ ಡಿಸ್ಕಿನ ಸರ್ವರಿಗೆ ಡೇಟಾ ಸಾಗಿಸಿ ಮಾರನೇ ದಿನ ಲೈನು ಓಡಿಸಿದರು.

ಕಾರಿಯಾದ ಬೆಂಕಿ ಬಿದ್ದ ವರ್ಷವೇ ನಮ್ಮ ಬಿಡದಿಗೆ ಟೊಯೋಟಾ ಕಿರ್ಲೋಸ್ಕರ್ ಬಂತು. 2000ದ ಹೊತ್ತಿಗೆ ಕ್ವಾಲಿಸ್ ಗಾಡಿಗಳು ರಸ್ತೆಗಿಳಿದವು. ಊರಿಗೆ ಹೋಗುವಾಗ ಮೈಸೂರು ರಸ್ತೆಯಲ್ಲಿ ಆ ಕಡೆ ತಿರುಗುವ ಲಾರಿಗಳನ್ನ ಕಂಡರೆ, ಅದರೊಳಗೆ ಯಾವ ಭಾಗ ಇರಬಹುದು, ಎಷ್ಟು ಹೊತ್ತಿಗೆ ಅದು ಲೈನು ಮುಟ್ಟಬೇಕಿರಬಹುದು ಅಂತ ಯೋಚನೆ ಬರುತ್ತೆ. ನಮ್ಮೂರಲ್ಲಿ ಈಗ ಮುಯ್ಯಾಳಿಲ್ಲ. ನಾಟಿಯನ್ನ ಎಕರೆಗಿಷ್ಟು ಅಂತ ಗುತ್ತಿಗೆ ಕೊಡ್ತಾರೆ, ಇಲ್ಲಾ ಮಷಿನ್ ಕರೆಸ್ತಾರೆ. ಆ ಕಾಲ ವಾಪಸ್ ಬರಲಿ ಅಂತಲೂ ನಾನು ಕೇಳೋಲ್ಲ. ಗುತ್ತಿಗೆಯಲ್ಲಿ ಕೇರಿಯವರಿಗೆ ಮೊದಲಿಗಿಂತ ಒಳ್ಳೆ ಕೂಲಿ ಸಿಗ್ತಾ ಇದೆ.

ಆದರೆ ಕಾನ್‌ಬಾನ್ ಬೋರ್ಡು ಹಾಕಿಕೊಂಡ ಕಂಪನಿಗಳು ಅದರ ಪಕ್ಕದಲ್ಲಿ ಇನ್ನೊಂದು ಪಟ್ಟಿಯನ್ನೂ ತೂಗುಹಾಕಬಹುದು. ಈ ರಾತ್ರಿ ನಮ್ಮ ಕೆಲಸಕ್ಕೆ ಬೆಂಕಿ ಬಿದ್ದರೆ, ಬೇರೆ ಯಾವ ಟೀಮಿನಲ್ಲಿ ಇದನ್ನ ಮಾಡಬಲ್ಲವರು ಯಾರಿದ್ದಾರೆ? ಅವರು ಕೊನೆಯ ಸಲ ನಮ್ಮ ಜೊತೆ ಕೂತು ಕೆಲಸ ಮಾಡಿದ್ದು ಯಾವಾಗ? ಕಾಂಟ್ರಾಕ್ಟಿನ ಮೇಲೆ ಬಂದವರ ಹೆಸರು ಆ ಪಟ್ಟಿಯಲ್ಲಿ ಇದೆಯಾ? ಹೆಸರುಗಳ ಜಾಗ ಖಾಲಿ ಇದ್ದರೆ, ವರ್ಷಕ್ಕೆ ಎರಡು ವಾರ ಒಂದು ಟೀಮಿನವರನ್ನ ಇನ್ನೊಂದು ಟೀಮಿಗೆ ಕಳಿಸಿ ನೋಡಿ. ಆ ಎರಡು ವಾರ ಬೋರ್ಡಿನ ಮೇಲೆ ಚೀಟಿಗಳು ನಿಧಾನಕ್ಕೆ ಸರಿಯುತ್ತವೆ. ಸರಿಯಲಿ ಬಿಡಿ.